ರಸ್ತೆಯಲ್ಲಿ ಹಾರುವ ಕಾರ್ಬನ್ ಶೂ ಕೆಸರಲ್ಲಿ ಯಾಕೆ ಕೈಕೊಡುತ್ತೆ?

ಕೆರೆದಂಡೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಶೂ ಬಗ್ಗೆ ಒಂದು ಪ್ರಶ್ನೆ ಇದೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 41. ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಓಟ, ಭಾನುವಾರ ಚಾಮುಂಡಿ ಬೆಟ್ಟದ ರಸ್ತೆ. ಹೋದ ವರ್ಷ ಆಫರ್‌ನಲ್ಲಿ ಸಿಕ್ಕಿತು ಅಂತ ಸೋಲಿನೊಳಗೆ ಗಡುಸಾದ ಕಾರ್ಬನ್ ಪ್ಲೇಟ್ ಇರುವ ರೇಸಿಂಗ್ ಶೂ ತಗೊಂಡೆ. ಸೋಲ್ ದಪ್ಪ, ಆದರೆ ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಅದನ್ನು ಹಾಕ್ಕೊಂಡು ಓಡಿದ ಹಾಫ್ ಮ್ಯಾರಥಾನ್ (21 ಕಿ.ಮೀ.) 2 ಗಂಟೆ 5 ನಿಮಿಷಕ್ಕೆ ಮುಗಿಯಿತು. ಅದಕ್ಕೆ ಹಿಂದಿನದು 2 ಗಂಟೆ 11 ನಿಮಿಷ ಆಗಿತ್ತು. ಖುಷಿಯಾಗದೆ ಇರುತ್ತಾ?

ಈಗ ವಿಷಯಕ್ಕೆ ಬರುತ್ತೇನೆ. ಅದೇ ಶೂ ಕೆರೆಯ ಮಣ್ಣಿನ ದಾರಿಯಲ್ಲಿ ಹಾಕಿದರೆ ಆ ಪುಟಿಯುವ ಅನುಭವವೇ ಇಲ್ಲ. ಮಳೆ ಬಂದ ಮಾರನೇ ದಿನ ಅಂತೂ ಹಳೆಯ ಸಾದಾ ಶೂಗಿಂತ ಕಷ್ಟ. ಅದೇ ವೇಗಕ್ಕೆ ನಾಡಿ ಬಡಿತ ಜಾಸ್ತಿ ತೋರಿಸುತ್ತೆ. ಬೆಟ್ಟದ ಮೆಟ್ಟಿಲು ಇಳಿಯುವಾಗ, ದೊಡ್ಡ ನಂದಿ ದಾಟಿದ ಮೇಲೆ, ಪಾದ ಹೊರಗಡೆಗೆ ಹೊರಳುವ ಹಾಗಾಗುತ್ತೆ. ಬಿದ್ದಿಲ್ಲ. ಆದರೆ ಕೆಳಗೆ ಬರುವವರೆಗೂ ಹೆದರಿಕೆ.

ಮಲ್ನಾಡ್ ಅಲ್ಟ್ರಾ ಅನ್ನೋ ದೂರದ ಓಟದ 50 ಕಿ.ಮೀ.ಗೆ ಹೆಸರು ಕೊಟ್ಟಿದ್ದೇನೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದಾರಿ ಅಂದರೆ ಹೇಗಿರುತ್ತೆ ಅಂತ ಅಲ್ಲಿಯವರಿಗೆ ಗೊತ್ತು. ರಸ್ತೆಯಲ್ಲಿ ಈ ಶೂ ಕೊಡುವ ಲಾಭ ಮಣ್ಣಿಗೆ ಬಂದ ಕೂಡಲೇ ಎಲ್ಲಿಗೆ ಹೋಗುತ್ತೆ? ಮಣ್ಣು ಕಲ್ಲಿನ ದಾರಿಗೆ ಅಂತ ಟ್ರೇಲ್ ಶೂ ಮಾರುತ್ತಾರಲ್ಲ, ಅದು ನಿಜಕ್ಕೂ ಬೇರೆಯಾ, ಇಲ್ಲಾ ಅಡಿಗೆ ಒಂದಷ್ಟು ರಬ್ಬರ್ ಗುಬುಟು ಅಂಟಿಸಿ ಬೆಲೆ ಏರಿಸುತ್ತಾರಾ? ಈ ವರ್ಷ ನನ್ನ ಕೈಲಾಗೋದು ಒಂದೇ ಜೊತೆ. ಅಂಗಡಿಯವರನ್ನು ಕೇಳಿದರೆ ಗಾಜಿನ ಕಪಾಟಿನಲ್ಲಿ ಇಟ್ಟಿರುವುದನ್ನೇ ತೋರಿಸುತ್ತಾರೆ. ಅದಕ್ಕೆ ಓಡುವವರ ಹತ್ತಿರವೇ ಕೇಳೋಣ ಅಂತ.

ಬರಿಗಾಲು, ಬೆಂಗಳೂರು

ಮೇಡಂ, ಇದೆಲ್ಲ ಕಂಪನಿಗಳ ಆಟ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದಿದ್ದು ಬರಿಗಾಲಲ್ಲಿ. ಕಲ್ಲು ಹಾಸಿದ ಬೀದಿಗಳ ಮೇಲೆ. ನಾನು ಕಬ್ಬನ್ ಪಾರ್ಕಿನಲ್ಲಿ ಬರಿಗಾಲಲ್ಲೇ ಓಡೋದು. ಪಾದಕ್ಕೆ ಅಭ್ಯಾಸ ಮಾಡಿಸಿದರೆ ಯಾವ ನೆಲವೂ ಒಂದೇ. ದುಡ್ಡು ಉಳಿಸಿ.

ಪಿಟಿ ಮೇಷ್ಟ್ರು, ಸಕಲೇಶಪುರ

ಬರಿಗಾಲು ಅವರೇ, ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕ್ಕೊಂಡು ಓಡಿ, ರೋಮ್‌ಗಿಂತ 3 ನಿಮಿಷ ಬೇಗ ಮುಗಿಸಿದ. ಅದು ಶೂನಿಂದಲೇ ಆಯ್ತು ಅಂತ ನಾನು ಹೇಳಲ್ಲ. ಬರಿಗಾಲಿನ ಕಥೆ ಹೇಳುವವರು ಟೋಕಿಯೋ ಕಥೆಯನ್ನೂ ಹೇಳಬೇಕು, ಅಷ್ಟೇ. ನಮ್ಮ ಸ್ಕೂಲಿನ ಮಕ್ಕಳು ತಾಲ್ಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲೇ ಓಡುತ್ತಾರೆ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಮಣ್ಣಿನ ಟ್ರ್ಯಾಕ್ ಮೇಲೆ. ಚೆನ್ನಾಗೇ ಓಡುತ್ತಾರೆ. 41 ವಯಸ್ಸಿನ ಬ್ಯಾಂಕ್ ಮೇಡಂಗೆ 50 ಕಿ.ಮೀ. ಜಲ್ಲಿ ಮೇಲೆ ಬರಿಗಾಲಲ್ಲಿ ಓಡಿ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಈಗ ನಿಮ್ಮ ಪ್ರಶ್ನೆ ಮೇಡಂ. ಯಾವ ಶೂನೂ ಶಕ್ತಿ ಕೊಡಲ್ಲ. ಅದರೊಳಗೆ ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ. ನೀವು ಪ್ರತಿ ಹೆಜ್ಜೆಗೂ ನೆಲಕ್ಕೆ ಹಾಕುವುದರಲ್ಲಿ ಎಷ್ಟು ಪೋಲಾಗುತ್ತೆ ಅನ್ನೋದೇ ಇಡೀ ಲೆಕ್ಕ. ಪೋಲಾಗುವ ಜಾಗ ಮೂರು. ಶೂನ ಫೋಮ್ (ಸೋಲಿನ ಮೆತ್ತೆ), ಕೆಳಗಿನ ನೆಲ, ಮೇಲಿರುವ ನಿಮ್ಮ ಕಾಲು. ಡಾಂಬರು ಏನೂ ತಿನ್ನಲ್ಲ, ಸಮತಟ್ಟಾದ್ದರಿಂದ ಕಾಲಿಗೂ ಹೊಸ ಕೆಲಸ ಕೊಡಲ್ಲ. ಉಳಿದಿದ್ದು ಫೋಮ್ ಒಂದೇ. ಅದಕ್ಕೇ ಒಳ್ಳೆ ಫೋಮ್ ಹಾಕಿದ ಕೂಡಲೇ ರಸ್ತೆಯಲ್ಲಿ ಗೊತ್ತಾಗುತ್ತೆ.

ಎಷ್ಟು ಗೊತ್ತಾಗುತ್ತೆ ಅಂತ ಅಳೆದಿದ್ದಾರೆ. 2017ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 18 ಓಟಗಾರರ ಮೂಗು ಬಾಯಿಗೆ ಉಸಿರು ಅಳೆಯುವ ಸಾಧನ ಕಟ್ಟಿ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ನೈಕಿ ಕಂಪನಿಯ ಕಾರ್ಬನ್ ಶೂ ವೇಪರ್‌ಫ್ಲೈನ ಮೊದಲ ಮಾದರಿ ಒಂದು ಕಡೆ, ಆಗಿನ ಒಳ್ಳೆ ರೇಸಿಂಗ್ ಶೂಗಳು ಇನ್ನೊಂದು ಕಡೆ. ಹೊಸ ಶೂನಲ್ಲಿ ಓಡೋಕೆ ಆಗುವ ಶಕ್ತಿಯ ಖರ್ಚು ಸರಾಸರಿ 4 ಪರ್ಸೆಂಟ್ ಕಡಿಮೆ ಬಂತು. ಆ ಅಧ್ಯಯನಕ್ಕೆ ದುಡ್ಡು ಕೊಟ್ಟಿದ್ದು ನೈಕಿಯೇ. ಅನುಮಾನ ಬರೋದು ಸಹಜ. ಆದರೆ ಆಮೇಲೆ ಬೇರೆಯವರು ಅಳೆದಾಗಲೂ 3, 4ರ ಆಸುಪಾಸಿನಲ್ಲೇ ಬಂತು.

ಎಲ್ಲರೂ ಕಾರ್ಬನ್ ಕಾರ್ಬನ್ ಅಂತಾರೆ. ದೊಡ್ಡ ಕೆಲಸ ಮಾಡೋದು ಫೋಮ್. ಇವಿಎ ಅನ್ನೋ ಹಳೆಯ ಥರದ ಫೋಮ್ ಇದ್ದ ಶೂ ಒತ್ತಿ ಬಿಟ್ಟರೆ ಹಾಕಿದ ಶಕ್ತಿಯಲ್ಲಿ ಸುಮಾರು 66 ಪರ್ಸೆಂಟ್ ವಾಪಸ್ ಕೊಟ್ಟಿತು. ಅಡಿಡಾಸ್‌ನ ಬೂಸ್ಟ್ ಫೋಮ್ ಇದ್ದದ್ದು 76. ವೇಪರ್‌ಫ್ಲೈನ ಪೀಬಾ ಅನ್ನೋ ಹೊಸ ಥರದ ಫೋಮ್ 87. ಆಮೇಲೆ ಒಂದು ಪ್ರಯೋಗದಲ್ಲಿ ಆ ಕಾರ್ಬನ್ ಪ್ಲೇಟನ್ನೇ ಅಡ್ಡಡ್ಡ ಕೊಯ್ದು ನೋಡಿದರು. ಖರ್ಚು 1 ಪರ್ಸೆಂಟ್ ಕೂಡ ಏರಲಿಲ್ಲ.

ಈಗ ನಿಮಗೆ ಇಷ್ಟ ಆಗದ ಮಾತು. ಆ 4 ಪರ್ಸೆಂಟ್ ಬಂದಿದ್ದು ಗಂಟೆಗೆ 14 ರಿಂದ 18 ಕಿ.ಮೀ. ವೇಗದಲ್ಲಿ. ನಿಮ್ಮ ಹಾಫ್ ಮ್ಯಾರಥಾನ್ ವೇಗ ಗಂಟೆಗೆ 10 ಕಿ.ಮೀ. ಚಿಲ್ಲರೆ. 2023ರಲ್ಲಿ ಇನ್ನೊಂದು ತಂಡ 10 ಕಿ.ಮೀ. ವೇಗದಲ್ಲೇ ಅಳೆದಾಗ ಸರಾಸರಿ ಲಾಭ 0.9 ಪರ್ಸೆಂಟ್ ಬಂತು. ಕೆಲವರಿಗೆ ಜಾಸ್ತಿ, ಕೆಲವರಿಗೆ ಇಲ್ಲವೇ ಇಲ್ಲ. 2 ಗಂಟೆ 5 ನಿಮಿಷದಲ್ಲಿ 0.9 ಪರ್ಸೆಂಟ್ ಅಂದರೆ ಹೆಚ್ಚುಕಡಿಮೆ 1 ನಿಮಿಷ. ಉಳಿದ 5 ನಿಮಿಷ ನೀವು ಬೆಟ್ಟ ಹತ್ತಿ ಸಂಪಾದಿಸಿದ್ದು. ಅದನ್ನೂ ಶೂ ಲೆಕ್ಕಕ್ಕೆ ಯಾಕೆ ಬರೀತೀರಿ?

ಮುಂದಕ್ಕೆ, ಏರಿಳಿತ. ತುಂಬಾ ಜನ ಬೆಟ್ಟದ ಕಾರಣಕ್ಕೇ ಈ ಶೂ ಕೆಲಸ ಮಾಡಲ್ಲ ಅಂತಾರೆ. ಹಾಗೇನಿಲ್ಲ. ಟ್ರೆಡ್‌ಮಿಲ್ಲನ್ನು 3 ಡಿಗ್ರಿ ಓರೆ ಮಾಡಿ ಅಳೆದಿದ್ದಾರೆ. ಸಮತಟ್ಟಿನಲ್ಲಿ 4ರ ಹತ್ತಿರ ಇದ್ದಿದ್ದು ಹತ್ತುವಾಗಲೂ ಇಳಿಯುವಾಗಲೂ 3ಕ್ಕಿಂತ ಸ್ವಲ್ಪ ಕೆಳಗೆ ಬಂತು. ಅಂದರೆ ಮುಕ್ಕಾಲು ಪಾಲು ಉಳೀತು. ಚಾಮುಂಡಿ ಬೆಟ್ಟದ ಡಾಂಬರು ರಸ್ತೆಯಲ್ಲಿ ನಿಮಗೆ ತೊಂದರೆ ಆಗದೆ ಇರೋದಕ್ಕೆ ಇದೇ ಕಾರಣ. ನಿಮ್ಮ ಲಾಭ ತಿನ್ನೋದು ಏರು ಅಲ್ಲ ಮೇಡಂ. ಕುಸಿಯುವ, ಜಾರುವ, ಉಬ್ಬುತಗ್ಗಿನ ನೆಲ.

ಕುಸಿಯುವ ನೆಲ ಅಂದರೆ ಹಸಿ ಮಣ್ಣು. ಒತ್ತಿದ ಗುರುತು ಒತ್ತಿದ ಹಾಗೇ ಇರುತ್ತೆ, ಮುದ್ದೆಗೆ ಬೆರಳಿಟ್ಟ ಹಾಗೆ. ಅಲ್ಲಿ ಹೋದದ್ದು ವಾಪಸ್ ಬರಲ್ಲ. ಫೋಮ್ ತನ್ನ ಪಾಲಿನದನ್ನು ಕೊಡ್ತಾನೇ ಇರುತ್ತೆ, ಪಾಪ. ಆದರೆ ಅದು ತಳ್ಳೋಕೆ ಕೆಳಗೆ ಗಟ್ಟಿ ನೆಲ ಬೇಕಲ್ಲ?

ಉಬ್ಬುತಗ್ಗು ಇನ್ನೊಂದು ಥರ. ಟ್ರೆಡ್‌ಮಿಲ್ ಪಟ್ಟಿಗೆ ಬರೀ 2.5 ಸೆಂ.ಮೀ. ಎತ್ತರದ ತುಂಡುಗಳನ್ನು ಅಂಟಿಸಿ ಓಡಿಸಿ ನೋಡಿದ್ದಾರೆ. ಅಷ್ಟಕ್ಕೇ ಖರ್ಚು 5 ಪರ್ಸೆಂಟ್ ಏರಿತು. ಪ್ರತಿ ಹೆಜ್ಜೆಯೂ ಬೇರೆ ಕೋನದಲ್ಲಿ ಬೀಳುತ್ತೆ, ಹಿಮ್ಮಡಿ ಗಂಟಿನ ಸುತ್ತ ಇರುವ ಸಣ್ಣ ಸ್ನಾಯುಗಳು ಹಿಡಿದು ನಿಲ್ಲಿಸಬೇಕು. ಇದಕ್ಕೆ ದಪ್ಪ ಮೆತ್ತನೆ ಸೋಲ್ ಸೇರಿದರೆ ಇನ್ನೂ ಕಷ್ಟ. ರೋಡ್ ರೇಸಿಂಗ್ ಶೂಗೆ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ಹಾಕಿದ ಮಿತಿ 40 ಮಿ.ಮೀ. ದಪ್ಪ. ನಿಮ್ಮದೂ ಅದರ ಹತ್ತಿರವೇ ಇರುತ್ತೆ. ನೆಲದಿಂದ 4 ಸೆಂ.ಮೀ. ಮೇಲೆ, ಅಗಲ ಕಡಿಮೆ ಇರುವ ಮೆತ್ತನೆ ಪೀಠದ ಮೇಲೆ ನಿಂತಿದ್ದೀರಿ. ಅಂಚಿನಲ್ಲಿ ಒಂದು ಕಲ್ಲು ಸಿಕ್ಕರೆ ಒಂದು ಕಡೆ ಫೋಮ್ ಕುಗ್ಗುತ್ತೆ, ಪಾದ ವಾಲುತ್ತೆ. ನಂದಿ ದಾಟಿದ ಮೇಲೆ ನಿಮಗೆ ಆಗಿದ್ದು ಅದೇ. ಹತ್ತಿ ಸುಸ್ತಾದ ಕಾಲು ಹಿಡಿದು ನಿಲ್ಲಿಸೋದು ನಿಧಾನ ಆಗಿರುತ್ತೆ.

ಕೊನೆಗೆ ಜಾರು. ನನಗೆ ಇದೇ ಮುಖ್ಯ, ಯಾಕೆಂದರೆ ಇದಕ್ಕೆ ಲ್ಯಾಬ್ ಬೇಡ. ಮಳೆ ಬಂದ ಮೇಲೆ ಹಸಿ ಮಣ್ಣಿನ ಸಣ್ಣ ಏರು ಹುಡುಕಿ. ಮಾಮೂಲಿ ವೇಗದಲ್ಲಿ ಹತ್ತಿ. ವಾಪಸ್ ಬಂದು ನಿಮ್ಮದೇ ಹೆಜ್ಜೆ ಗುರುತು ಬಗ್ಗಿ ನೋಡಿ. ಸೋಲಿನ ಅಚ್ಚು ಸ್ಪಷ್ಟವಾಗಿ ಮೂಡಿದ್ದರೆ ಹಿಡಿತ ಇದೆ ಅಂತ. ಮುಂಗಾಲಿನ ಕಡೆ ಅಚ್ಚು ಒರೆಸಿದ ಹಾಗೆ ಹಿಂದಕ್ಕೆ ಎಳೆದಿದ್ದರೆ ಆ ಎಳೆದ ಉದ್ದ ಅಳೀರಿ. ಏರಿನಲ್ಲಿ ನಿಮ್ಮ ಹೆಜ್ಜೆ 80 ಸೆಂ.ಮೀ. ಅಂದ್ಕೊಳ್ಳಿ. 3 ಸೆಂ.ಮೀ. ಹಿಂದಕ್ಕೆ ಜಾರಿದರೆ ಹೆಚ್ಚುಕಡಿಮೆ 4 ಪರ್ಸೆಂಟ್ ಹೋಯ್ತು. ಲೋಕದ ಅತಿ ದುಬಾರಿ ಫೋಮ್ ಕೊಡುವ ಲಾಭ ಪೂರ್ತಿ, ಈ 3 ಸೆಂ.ಮೀ. ಜಾರಿಗೆ ಸಮ. ನಮ್ಮ ಹುಡುಗರಿಗೆ ಫೀಲ್ಡಿನಲ್ಲಿ ಇದನ್ನು ಸ್ಕೇಲ್ ಹಿಡಿದು ತೋರಿಸ್ತೀನಿ. ಪಾಠಕ್ಕಿಂತ ಬೇಗ ತಲೆಗೆ ಹೋಗುತ್ತೆ.

ಹಾಗಾಗಿ ಟ್ರೇಲ್ ಶೂ ನಿಜಕ್ಕೂ ಬೇರೆ. ಅಡಿಯ ಆ ಗುಬುಟಿಗೆ ಲಗ್ ಅಂತಾರೆ. ಅದು ಮಣ್ಣಿನೊಳಗೆ ಇಳಿದು ಹಿಡಿಯುತ್ತೆ. ಸೋಲ್ ಅಗಲ, ದಪ್ಪ ಕಡಿಮೆ. ಕೆಲವದರಲ್ಲಿ ಕಲ್ಲು ಚುಚ್ಚದ ಹಾಗೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತೆ. ಅದು ಪುಟಿಯೋಕೆ ಅಲ್ಲ, ಪಾದ ಕಾಯೋಕೆ. ತೂಕ ಸ್ವಲ್ಪ ಜಾಸ್ತಿ. ಒಂದು ಶೂಗೆ 100 ಗ್ರಾಂ ಏರಿದರೆ ಓಟದ ಖರ್ಚು ಸುಮಾರು 1 ಪರ್ಸೆಂಟ್ ಏರುತ್ತೆ ಅನ್ನೋದು ಹಳೆ ಲೆಕ್ಕ. ಹಿಡಿತ ಸಿಕ್ಕರೆ ಆ 1 ಪರ್ಸೆಂಟ್ ಕೊಡೋಕೆ ನಾನು ಸಿದ್ಧ.

ತೋಟದಮನೆ, ಆಲ್ದೂರು ಕಡೆ

ಮೇಷ್ಟ್ರು ಚೆನ್ನಾಗಿ ಹೇಳಿದ್ರು. ನಾನು ಬೆಳಗ್ಗೆ ತೋಟದೊಳಗೇ ಓಡೋದು. ಇಲ್ಲಿಯ ನೆಲದ ಬಗ್ಗೆ ಎರಡು ಮಾತು ಸೇರಿಸ್ತೀನಿ.

ಮೇಡಂ, ತೋಟದ ದಾರಿ ಅಂದರೆ ಒಂದೇ ಥರ ಅಲ್ಲ. ಜೀಪ್ ಓಡಾಡುವ ಕಡೆ ಚಕ್ರದ ಎರಡು ಗುಂಡಿ, ನಡುವೆ ಹುಲ್ಲು. ಏರಿನಲ್ಲಿ ಜೀಪ್ ಜಾರದಿರಲಿ ಅಂತ ದಪ್ಪ ಕಲ್ಲು ಹಾಸಿರುತ್ತಾರೆ, ಅದು ಕೈಯಷ್ಟು ದೊಡ್ಡದು, ಅಲ್ಲಾಡುತ್ತೆ. ಒಳಗಿನ ಕಾಲುದಾರಿಯಲ್ಲಿ ಸಿಲ್ವರ್ ಓಕ್ ತರಗೆಲೆ. ಕೆಳಗೆ ಬೇರು ಇದೆಯೋ ಕಲ್ಲು ಇದೆಯೋ ಕಾಣಲ್ಲ. ಗಿಡ ಸವರಿ ಬಿಸಾಕಿದ ಕಾಫಿ ಕಡ್ಡಿ ಲೇಸಿಗೆ ಸಿಕ್ಕಿಕೊಳ್ಳುತ್ತೆ. ಹಳ್ಳದ ಹತ್ತಿರ ಸಿಮೆಂಟ್ ಮೋರಿ ಮೇಲೆ ಪಾಚಿ. ಆ ಪಾಚಿ ಮೇಲೆ ಯಾವ ಶೂನೂ ನಿಲ್ಲಲ್ಲ, ನಡೆದು ದಾಟಿ.

ಮಳೆ ನಿಂತು ಎರಡು ದಿನ ಬಿಸಿಲು ಬಂದಾಗಿನ ಮಣ್ಣೇ ಕೆಟ್ಟದ್ದು. ಪೂರ್ತಿ ನೀರಾಗಿದ್ದರೆ ತೊಳೆದುಹೋಗುತ್ತೆ. ಅರ್ಧ ಒಣಗಿದ ಕೆಂಪು ಮಣ್ಣು ಅಂಟುತ್ತೆ. ಲಗ್‌ಗಳು ಒತ್ತೊತ್ತಾಗಿ ಇದ್ದರೆ ಸಂದಿಯಲ್ಲಿ ಮಣ್ಣು ತುಂಬಿ ಸೋಲ್ ಚಪ್ಪಟೆ ಆಗಿಬಿಡುತ್ತೆ. ಆಮೇಲೆ ರೋಡ್ ಶೂಗೂ ಅದಕ್ಕೂ ವ್ಯತ್ಯಾಸ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಲಗ್ ಎಷ್ಟು ಮಿ.ಮೀ. ಅಂತ ಮಾತ್ರ ಕೇಳಬೇಡಿ. ಎರಡು ಲಗ್ ನಡುವೆ ನಿಮ್ಮ ಕಿರುಬೆರಳ ತುದಿ ಸಲೀಸಾಗಿ ಹೋಗುತ್ತಾ ನೋಡಿ. ಹೋದರೆ ಮಣ್ಣು ಉದುರುತ್ತೆ. ಇಲ್ಲಿಗೆ 4, 5 ಮಿ.ಮೀ. ಸಾಕು. 7, 8 ಮಿ.ಮೀ. ಇರೋದು ಬರೀ ಕೆಸರಿಗೆ. ಗಟ್ಟಿ ನೆಲದಲ್ಲಿ ಅದರ ಮೇಲೆ ನಿಂತರೆ ಪಾದ ಅಲ್ಲಾಡುತ್ತೆ, ಡಾಂಬರಿಗೆ ಬೇಗ ಸವೆಯುತ್ತೆ.

ವಾಟರ್‌ಪ್ರೂಫ್ ಶೂ ತಗೋಬೇಡಿ. ಹಳ್ಳ ದಾಟುವಾಗ ನೀರು ಮೇಲಿನಿಂದ ಒಳಗೆ ಬಂದೇ ಬರುತ್ತೆ. ಬಂದದ್ದು ಹೊರಗೆ ಹೋಗಲ್ಲ. ಜಾಲರಿ ಬಟ್ಟೆಯದು ತಗೊಳ್ಳಿ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನೀರು ಹೊರಗೆ. ಇಂಬಳ (ಜಿಗಣೆ) ಎರಡರಲ್ಲೂ ಹತ್ತುತ್ತೆ, ಅದಕ್ಕೆ ಶೂ ಕಂಪನಿಯವರ ಹತ್ತಿರ ಮದ್ದಿಲ್ಲ. ಉದ್ದ ಸಾಕ್ಸ್ ಹಾಕಿ ಉಪ್ಪು ಉಜ್ಜಿಕೊಳ್ಳಿ.

ಪಿಟಿ ಮೇಷ್ಟ್ರು, ಸಕಲೇಶಪುರ

ತೋಟದಮನೆಯವರು ಹೇಳಿದ ಅಂಟು ಮಣ್ಣಿಗೂ ಲೆಕ್ಕ ಇದೆ. ಮನೆಗೆ ಬಂದ ಮೇಲೆ ಆ ಶೂ ತೂಕಕ್ಕೆ ಇಡಿ. ಮಣ್ಣು ಮೆತ್ತಿದ ಶೂ ಒಂದಕ್ಕೆ 200 ಗ್ರಾಂ ಜಾಸ್ತಿ ತೂಗಿದರೆ ನನಗೆ ಆಶ್ಚರ್ಯ ಇಲ್ಲ. ಆಗ 2 ಪರ್ಸೆಂಟ್ ಹೋಯ್ತು. ಹಗುರ ಶೂಗೆ ಅಂತ ಕೊಟ್ಟ ಸಾವಿರಾರು ರೂಪಾಯಿ ಸೋಲಿಗೆ ಮೆತ್ತಿಕೊಂಡಿರುತ್ತೆ.

ತಣ್ಣೀರುಬಾವಿ, ಮಂಗಳೂರು

ನಮ್ಮ ಕಡೆ ಮರಳಿನ ವಿಷಯ ಸ್ವಲ್ಪ. ಸಮುದ್ರದ ದಂಡೆಯಲ್ಲಿ ಓಡುವವನು ನಾನು. ಅಲೆ ಬಂದು ಹೋದ ಒದ್ದೆ ಪಟ್ಟಿಯ ಮೇಲೆ ಓಡಿದರೆ ಪರವಾಗಿಲ್ಲ. ನಾಲ್ಕು ಮಾರು ಮೇಲೆ ಒಣ ಮರಳಿಗೆ ಹೋದರೆ ಕಥೆ ಮುಗೀತು. 1998ರಲ್ಲಿ ಬೆಲ್ಜಿಯಂನವರು ಅಳೆದ ಲೆಕ್ಕ ಇದೆ. ಗಟ್ಟಿ ನೆಲದಲ್ಲಿ ಓಡೋಕೆ 100 ಖರ್ಚಾದರೆ ಮರಳಲ್ಲಿ 160. ಇದರ ಮುಂದೆ ಶೂ 2 ಪರ್ಸೆಂಟ್ ಉಳಿಸಿದರೆಷ್ಟು, ಬಿಟ್ಟರೆಷ್ಟು? ಮರಳಿಗೆ ಅಂತ ದುಡ್ಡು ಹಾಕಿ ಶೂ ತಗೊಳ್ಳೋರನ್ನು ನೋಡಿದರೆ ನಗು ಬರುತ್ತೆ. ಮರಳು ಒಳಗೆ ಹೋಗದ ಹಾಗೆ ಇದ್ದರೆ ಸಾಕು.

ಬರಿಗಾಲು ಅವರಿಗೆ ಒಂದು ಬೆಂಬಲವನ್ನೂ ಕೊಡ್ತೇನೆ. ಕಂಬಳದಲ್ಲಿ ಓಡುವವರು ಶೂ ಹಾಕಲ್ಲ. ಕೆಸರು ಗದ್ದೆ, ಮೇಲೆ ನೀರು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ 13.62 ಸೆಕೆಂಡಿನಲ್ಲಿ ಓಡಿದಾಗ ಊರೆಲ್ಲ ಬೋಲ್ಟ್ ಜೊತೆ ಹೋಲಿಸಿತು. ಕೋಣಗಳು ಎಳೆಯುತ್ತವೆ, ಹಾಗಾಗಿ ಆ ಹೋಲಿಕೆ ಸರಿ ಇಲ್ಲ. ಅವರೂ ಅಥ್ಲೆಟಿಕ್ಸ್ ಟ್ರಯಲ್ಸ್‌ಗೆ ಹೋಗದೆ ಕಂಬಳಕ್ಕೇ ಉಳಿದರು. ಅದಿರಲಿ. ಅಷ್ಟು ಕೆಸರಲ್ಲಿ ಶೂ ಹಾಕಿದರೆ ಗದ್ದೆಯೇ ಅದನ್ನು ಕಿತ್ತು ಇಟ್ಟುಕೊಳ್ಳುತ್ತೆ. ಕಾಲ್ಬೆರಳು ಅಗಲಿಸಿ ಒತ್ತುವ ಹಿಡಿತವನ್ನು ಯಾವ ಸೋಲೂ ಕೊಡಲ್ಲ.

ಬರಿಗಾಲು, ಬೆಂಗಳೂರು

ಅಂತೂ ನನ್ನ ಪರವಾಗಿ ಒಬ್ಬರು ಸಿಕ್ಕಿದ್ರು!

ಲ್ಯಾಂಕಾಸ್ಟರ್ ಕನ್ನಡಿಗ

ನಾನು ಇಂಗ್ಲೆಂಡಿನ ಉತ್ತರದಲ್ಲಿದ್ದೇನೆ, ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳು ಹತ್ತಿರ. ಊರು ತೀರ್ಥಹಳ್ಳಿ. ಇಲ್ಲಿ ಬೆಟ್ಟದ ಓಟಕ್ಕೆ ಫೆಲ್ ರನ್ನಿಂಗ್ ಅಂತಾರೆ. ದಾರಿ ಅನ್ನೋದೇ ಇರಲ್ಲ. ಹುಲ್ಲು, ಜೌಗು, ಒದ್ದೆ ಬಂಡೆ. ಮೊಣಕಾಲವರೆಗೆ ಕಪ್ಪು ಜೌಗಿನಲ್ಲಿ ಇಳಿದು ಎದ್ದು ಬರೋದು ಮಾಮೂಲು.

ಇಲ್ಲಿಯ ಹಳಬರ ಶೂ ನೋಡಿದರೆ ನಿಮಗೆ ನಗು ಬರುತ್ತೆ. ಸೋಲ್ ತೆಳ್ಳಗೆ, ಮೆತ್ತೆ ಹೆಸರಿಗೆ ಮಾತ್ರ, ಅಡಿಯಲ್ಲಿ ಉದ್ದುದ್ದ ಲಗ್. ಎರಡು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಥರ ಹಿಂಡಬಹುದು. ನೆಲವೇ ಮೆತ್ತಗಿರುವಾಗ ಶೂ ಮೆತ್ತಗಿರಬೇಕಾಗಿಲ್ಲ ಅನ್ನೋದು ಅವರ ವಾದ. ಪಾದ ನೆಲಕ್ಕೆ ಹತ್ತಿರ ಇದ್ದರೆ ಕಲ್ಲಿನ ಓರೆ ತಕ್ಷಣ ಗೊತ್ತಾಗುತ್ತೆ, ಹೊರಳುವುದೂ ಕಡಿಮೆ.

ಆದರೆ ಮೇಷ್ಟ್ರಿಗೆ ಒಂದು ಕಡೆ ನನ್ನ ತಕರಾರಿದೆ. ನೀವು ದಪ್ಪ ಸೋಲನ್ನು ಪೂರ್ತಿ ತಳ್ಳಿಹಾಕಿದ್ದೀರಿ. ಇಲ್ಲಿಯ ಹೆಚ್ಚಿನ ಫೆಲ್ ರೇಸ್ ಒಂದೆರಡು ಗಂಟೆಯದು. ಮೇಡಂ ಓಡೋದು 50 ಕಿ.ಮೀ. ತೋಟದ ಏರಿಳಿತದಲ್ಲಿ ಎಂಟೊಂಬತ್ತು ಗಂಟೆ ಹಿಡಿಯಬಹುದು. ಆರನೇ ಗಂಟೆಯಲ್ಲಿ ಇಳಿಜಾರಿನ ದಪ್ಪ ಕಲ್ಲಿನ ಮೇಲೆ ತೆಳು ಸೋಲಿನಲ್ಲಿ ಇಳಿದು ನೋಡಿ, ಅಂಗಾಲು ಉರಿಯುತ್ತೆ. ಆಗ ಹೆಜ್ಜೆ ತಾನಾಗೇ ಚಿಕ್ಕದಾಗುತ್ತೆ, ಬ್ರೇಕ್ ಹಾಕ್ಕೊಂಡೇ ಇಳೀತೀರಿ. ತೊಡೆ ಸ್ನಾಯು ಮುಗಿದುಹೋಗುತ್ತೆ. ಆ ನಷ್ಟ ಟ್ರೆಡ್‌ಮಿಲ್ ಮೇಲಿನ ಐದು ನಿಮಿಷದ ಪರೀಕ್ಷೆಯಲ್ಲಿ ಕಾಣಲ್ಲ. ಹೋಕಾ ಕಂಪನಿ 2009ರಲ್ಲಿ ಫ್ರಾನ್ಸಿನ ಆನ್ಸಿಯಲ್ಲಿ ಶುರುವಾಗಿದ್ದೇ ಬೆಟ್ಟ ಬೇಗ ಇಳಿಯುವ ಶೂ ಮಾಡೋಕೆ. ಮೊದಲು ಎಲ್ಲರೂ ಕೋಡಂಗಿ ಬೂಟು ಅಂತ ನಕ್ಕರು. ಈಗ ದೂರದ ಓಟಗಳಲ್ಲಿ ಅಂಥದ್ದೇ ಜಾಸ್ತಿ. ವ್ಯತ್ಯಾಸ ಇಷ್ಟೇ, ಅದರಲ್ಲಿ ದಪ್ಪದ ಜೊತೆ ಅಗಲವೂ ಇದೆ, ಪಾದ ಸೋಲಿನ ಮೇಲೆ ಕೂರಲ್ಲ, ಸ್ವಲ್ಪ ಒಳಗೆ ಇಳಿದು ಕೂರುತ್ತೆ.

ಟ್ರೇಲ್‌ಗೂ ಈಗ ಕಾರ್ಬನ್ ಶೂ ಬಂದಿದೆ. ನಾರ್ತ್ ಫೇಸ್ ಕಂಪನಿ 2021ರಲ್ಲಿ, ಹೋಕಾ 2022ರಲ್ಲಿ ತಂದವು. ಹೋಕಾದ್ದರಲ್ಲಿ ಒಂದೇ ಅಗಲ ಪ್ಲೇಟಿನ ಬದಲು ಅಕ್ಕಪಕ್ಕ ಎರಡು ಉದ್ದ ಪಟ್ಟಿ. ಒಂದು ಕಡೆ ಕಲ್ಲು ಸಿಕ್ಕರೆ ಆ ಕಡೆ ಮಾತ್ರ ಬಾಗಲಿ ಅಂತ. ಉಪಾಯ ಚೆನ್ನಾಗಿದೆ. ಗಟ್ಟಿ ಕಾಲುದಾರಿಯಲ್ಲಿ ವೇಗವಾಗಿ ಓಡುವವರಿಗೆ ಸರಿ. ಮೇಡಂ ಬಜೆಟ್ಟಿಗೂ ವೇಗಕ್ಕೂ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಪಿಟಿ ಮೇಷ್ಟ್ರು, ಸಕಲೇಶಪುರ

ಲ್ಯಾಂಕಾಸ್ಟರ್ ಅವರ ತಕರಾರು ನ್ಯಾಯವಾದದ್ದು. ನಾನು ಮಕ್ಕಳ 3 ಕಿ.ಮೀ., 5 ಕಿ.ಮೀ. ಓಟ ನೋಡುವವನು, ಒಂಬತ್ತು ಗಂಟೆಯ ಓಟ ನನ್ನ ಕಸುಬಲ್ಲ. ಹೆಚ್ಚು ದೂರಕ್ಕೆ ಮೆತ್ತೆ ಇರಲಿ. ಆದರೆ ಅಗಲ ಇಲ್ಲದ ಮೆತ್ತೆ ಬೇಡ, ಅದರಲ್ಲಿ ನಾನು ಬಗ್ಗಲ್ಲ.

ಅಂಗಡಿಯಲ್ಲಿ ಒಂದು ಕೆಲಸ ಮಾಡಿ. ಒಂದು ಕೈಯಲ್ಲಿ ಹಿಮ್ಮಡಿ ಕಡೆ, ಇನ್ನೊಂದರಲ್ಲಿ ಮುಂಗಾಲಿನ ಕಡೆ ಹಿಡಿದು ತಿರುಚಿ. ನಿಮ್ಮ ಕಾರ್ಬನ್ ಶೂ ತಿರುಚೋಕೆ ಬರಲ್ಲ, ಹಲಗೆ ಅದು. ಉಬ್ಬುತಗ್ಗಿಗೆ ಸ್ವಲ್ಪ ತಿರುಚುವ ಶೂ ಬೇಕು. ಮುಂಗಾಲು ಕಲ್ಲಿನ ಓರೆಗೆ ಒಗ್ಗಿಕೊಂಡರೂ ಹಿಮ್ಮಡಿ ನೆಟ್ಟಗೆ ನಿಂತಿರಬೇಕು. ಆಮೇಲೆ ಹೆಬ್ಬೆರಳಿಂದ ಸೋಲಿನ ಪಕ್ಕ ಒತ್ತಿ. ಸುಲಭವಾಗಿ ಒಳಗೆ ಹೋದರೆ ಅದು ರಸ್ತೆಯ ಫೋಮ್. ಸ್ವಲ್ಪ ಬಿಗಿ ಇರಬೇಕು.

ಕೆರೆದಂಡೆ, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಬೆಟ್ಟ ಹತ್ತಿ ಸಂಪಾದಿಸಿದ 5 ನಿಮಿಷದ ಮಾತು ಓದಿ ಒಂದು ಕ್ಷಣ ಕೋಪ ಬಂತು, ಆಮೇಲೆ ಖುಷಿ ಆಯ್ತು.

ಮೇಷ್ಟ್ರು ಹೇಳಿದ ಪರೀಕ್ಷೆ ಮಾಡಿದೆ. ನಿನ್ನೆ ರಾತ್ರಿ ಇಲ್ಲಿ ಒಳ್ಳೆ ಮಳೆ. ನನ್ನ ಜೊತೆ ಓಡುವ ಗೆಳತಿಯದು ನನ್ನದೇ ಸೈಜ್, ಅವಳ ಟ್ರೇಲ್ ಶೂ ಕೇಳಿ ತಗೊಂಡೆ. ಕೆರೆ ಏರಿಗೆ ಹತ್ತುವ ಕಡೆ ಸಣ್ಣ ಇಳಿಜಾರಿದೆ. ಮೊದಲು ನನ್ನ ಕಾರ್ಬನ್ ಶೂ. ಗುರುತು ನೋಡಿದರೆ ಹಿಮ್ಮಡಿ ಅಚ್ಚು ಇದೆ, ಮುಂದಿನ ಅರ್ಧ ಪೂರ್ತಿ ಒರೆಸಿಹೋಗಿದೆ. ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಒಯ್ದಿದ್ದೆ. ಒಂದು ಕಡೆ 3, ಇನ್ನೊಂದು ಕಡೆ 4 ಸೆಂ.ಮೀ. ಹತ್ತಿರ ಎಳೆದಿತ್ತು. ಆಮೇಲೆ ಅವಳ ಶೂ. ಲಗ್‌ಗಳ ಅಚ್ಚು ಒಂದೊಂದೂ ಎಣಿಸುವ ಹಾಗೆ ಮೂಡಿತ್ತು. ವಾಕಿಂಗ್ ಬಂದ ಒಬ್ಬ ಹಿರಿಯರು ‘ಏನಮ್ಮಾ ಕಳ್ಕೊಂಡ್ಯಾ’ ಅಂತ ಕೇಳಿ ತಾವೂ ಬಗ್ಗಿ ಹುಡುಕೋಕೆ ಶುರು ಮಾಡಿದರು.

ಇನ್ನೊಂದು ಕಂಡಿದ್ದು. ಮರದ ಕೆಳಗೆ ಒಣಗಿ ಗಟ್ಟಿಯಾಗಿದ್ದ ಜಾಗದಲ್ಲಿ ಎರಡೂ ಶೂನ ಹಿಡಿತ ಒಂದೇ. ಅಲ್ಲಿ ಕಾರ್ಬನ್ ಶೂನೇ ಹಾಯಾಗಿತ್ತು. ಹಾಗಾದರೆ ಮಣ್ಣು ಅಂದ ತಕ್ಷಣ ಟ್ರೇಲ್ ಶೂ ಬೇಕು ಅಂತಲೂ ಅಲ್ಲ, ಅಲ್ವಾ? ಇನ್ನು ಎರಡು ಪ್ರಶ್ನೆ. ರೇಸಿಗೆ ಮುಂಚೆ ಟ್ರೇಲ್ ಶೂ ಹಾಕ್ಕೊಂಡು ರಸ್ತೆಯಲ್ಲೂ ಅಭ್ಯಾಸ ಮಾಡಬೇಕಾ? ಸೈಜ್ ಅದೇ ತಗೊಳ್ಳಲಾ?

ಪಿಟಿ ಮೇಷ್ಟ್ರು, ಸಕಲೇಶಪುರ

ಶಭಾಷ್. ಸ್ಕೇಲ್ ಒಯ್ದಿದ್ದಕ್ಕೆ ಪೂರ್ತಿ ಮಾರ್ಕ್ಸ್. ಹೌದು, ಒಣಗಿ ಗಟ್ಟಿಯಾದ ಮಣ್ಣು ರಸ್ತೆಯೇ. ಶ್ರೀರಂಗಪಟ್ಟಣದ ಹತ್ತಿರ ಕಾಲುವೆ ದಂಡೆಯ ಮೇಲೆ ಕಾವೇರಿ ಟ್ರೇಲ್ ಮ್ಯಾರಥಾನ್ ಆಗುತ್ತಲ್ಲ, ಒಣಗಿದ್ದರೆ ಅಲ್ಲಿ ಎಷ್ಟೋ ಜನ ರೋಡ್ ಶೂನಲ್ಲೇ ಓಡುತ್ತಾರೆ. ಹೆಸರಲ್ಲಿ ಟ್ರೇಲ್ ಇದ್ದ ಮಾತ್ರಕ್ಕೆ ಲಗ್ ಬೇಕಾಗಲ್ಲ.

ಟ್ರೇಲ್ ಶೂನ ರಸ್ತೆಗೆ ಜಾಸ್ತಿ ಹಾಕಬೇಡಿ. ಒದ್ದೆ ಕಲ್ಲು ಹಿಡಿಯಲಿ ಅಂತ ಅದರ ರಬ್ಬರ್ ಮೆತ್ತಗೆ ಮಾಡಿರುತ್ತಾರೆ, ಡಾಂಬರು ಅದನ್ನು ತಿಂದುಹಾಕುತ್ತೆ. ಕೆರೆ ಸುತ್ತ, ಬೆಟ್ಟದ ಮೆಟ್ಟಿಲಿಗೆ ಅದು ಇರಲಿ. ವಾರಕ್ಕೊಮ್ಮೆ ಬೇಗ ಓಡುವ ದಿನಕ್ಕೆ ಕಾರ್ಬನ್ ಶೂ ಇದ್ದೇ ಇದೆ. ಆದರೆ ಕಾಲು ಅಭ್ಯಾಸ ಆಗಬೇಕಾಗಿರೋದು ಉಬ್ಬುತಗ್ಗಿಗೆ. ಅದನ್ನು ರೇಸಿನ ವಾರಕ್ಕೆ ಇಟ್ಕೋಬೇಡಿ.

ತೋಟದಮನೆ, ಆಲ್ದೂರು ಕಡೆ

ಸೈಜ್ ನಾನು ಹೇಳ್ತೀನಿ. ಸಂಜೆ ಹೊತ್ತು ಹೋಗಿ, ಪಾದ ಸ್ವಲ್ಪ ಊದಿರುತ್ತೆ. ಓಡುವ ಸಾಕ್ಸೇ ಹಾಕ್ಕೊಂಡು ಹೋಗಿ. ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳು ಗುದ್ದಿದರೆ ಉಗುರು ಕಪ್ಪಾಗಿ ಉದುರುತ್ತೆ. ಲೇಸನ್ನು ಮೇಲಿನ ಕೊನೆ ತೂತಿಗೂ ಹಾಕಿ ಬಿಗೀರಿ. ಎಲ್ಲರೂ ಆ ತೂತು ಖಾಲಿ ಬಿಡ್ತಾರೆ. ಹಿಮ್ಮಡಿ ಅಲ್ಲಾಡದ ಹಾಗೆ ಹಿಡಿಯೋದು ಅದೇ. ಅಂಗಡಿಯಲ್ಲಿ ಸಮತಟ್ಟಾದ ನೆಲದ ಮೇಲೆ ನಡೆದು ನೋಡಿ ಬರಬೇಡಿ. ಮೆಟ್ಟಿಲು ಇದ್ದರೆ ಜೋರಾಗಿ ಇಳಿದು ನೋಡಿ, ಬೆರಳು ಮುಂದಕ್ಕೆ ತಾಗಿದರೆ ಅರ್ಧ ಸೈಜ್ ದೊಡ್ಡದು ಕೇಳಿ.

ಕೆರೆದಂಡೆ, ಮೈಸೂರು

ಆಯ್ತು ಸರ್. ಶನಿವಾರ ಸಂಜೆ ಗೆಳತಿಯನ್ನೂ ಕರ್ಕೊಂಡು ಹೋಗ್ತೇನೆ. ಕಿರುಬೆರಳು ತೂರಿಸಿ, ಶೂ ತಿರುಚಿ, ಮೆಟ್ಟಿಲ ಮೇಲೆ ಧಡಧಡ ಓಡಿದರೆ ಅಂಗಡಿಯವರು ಏನಂತಾರೋ ನೋಡೋಣ.